ಡಕಾರ್ ಮತ್ತು ಡಾಬಕಾ

ಪೋರ್ಷೆ ಕಂಪನಿ 2022ರಲ್ಲಿ '911 ಡಕಾರ್' ಎಂಬ ಕಾರನ್ನು ತೋರಿಸಿದಾಗ ನಾನು ಓದಿಕೊಂಡಿದ್ದು '911 ಡಾಬಕಾ' ಅಂತ. ಹುಟ್ಟಿದೂರಿನ ಹೆಸರಿಗೆ ಕಣ್ಣು ಸೋಲುತ್ತದೆ, ಏನು ಮಾಡಲಿ. ತಪ್ಪು ಗೊತ್ತಾದ ಮೇಲೂ ಓದು ಬಿಡಲಿಲ್ಲ. 1984ರ ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ, ಸಹಾರಾದ ಮರಳಿನಲ್ಲಿ, 911 ಗೆದ್ದಿತ್ತಂತೆ. ಅದರ ನೆನಪಿಗೆ ಬರೇ 2,500 ಕಾರು. ಮಾಮೂಲಿ 911ಗಿಂತ 5 ಸೆಂ.ಮೀ. ಎತ್ತರ, ಗುಂಡಿ ಒತ್ತಿದರೆ ಇನ್ನೂ 3 ಸೆಂ.ಮೀ. ಏಳುತ್ತದೆ.

ನನಗೆ ಇದು ಸೇರಲಿಲ್ಲ. ಸ್ಪೋರ್ಟ್ಸ್ ಕಾರೆಂದರೆ ನೆಲಕ್ಕೆ ಹೊಟ್ಟೆ ತಾಗುವಂತೆ ಕೂತಿರಬೇಕು. ಭಾರ ಕೆಳಗಿದ್ದರೇ ತಿರುವಿನಲ್ಲಿ ಅದು ವಾಲುವುದಿಲ್ಲ. ಅದು ಓಡಬೇಕಾದರೆ ರಸ್ತೆ ಒಳ್ಳೆಯದಿರಬೇಕು. ರಸ್ತೆಯನ್ನು ಅಷ್ಟು ನಂಬುವ ಗಾಡಿ ಬೇರೆ ಇಲ್ಲ.

ಅಣ್ಣನ ಮಗ ಇದಕ್ಕೆ ನಗುತ್ತಾನೆ. ಬೆಂಗಳೂರಿನಲ್ಲಿ ಕೆಲಸ, ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಎತ್ತರದ ಗಾಡಿ. "ಕಾಕಾ, ನಿಮ್ಮ 911 ನಮ್ಮೂರ ಮೊದಲನೇ ಹಂಪ್ ದಾಟ್ತದೇನ್ರಿ?" ಹಂಪಿನ ಎತ್ತರ 10 ಸೆಂ.ಮೀ. ಅಂತ ನಿಯಮದಲ್ಲಿದೆ. ನಮ್ಮ ಕಡೆ ಅದು ಹಾಕಿಸಿದವರ ಸಿಟ್ಟಿನಷ್ಟು ಎತ್ತರ.

ಅವನು ಬೆಳೆದದ್ದು ಡಾಂಬರಿನ ಮೇಲೆ, ಆದ್ದರಿಂದ ಅವನಿಗೆ ರಾಡಿಯ ಹುಚ್ಚು. ನಾನು ಬೆಳೆದದ್ದು ಕ್ರೂಸರ್ ಜೀಪಿನ ಹಿಂದಿನ ಫುಟ್‌ರೆಸ್ಟ್ ಮೇಲೆ ನಿಂತು, ಮಳೆಗಾಲದಲ್ಲಿ ಇಳಿದು ದಬ್ಬಿ, ಮತ್ತೆ ಹತ್ತಿ. ಅದಕ್ಕೆ ಆಫ್‌ರೋಡಿಂಗ್ ಎಂಬ ಹೆಸರಿದೆ, ಜನ ದುಡ್ಡು ಕೊಟ್ಟು ಮಾಡುತ್ತಾರೆ ಎಂದು ಆಗ ಯಾರೂ ಹೇಳಿರಲಿಲ್ಲ. ವೇಗ ಅಂತ ನಾವು ನೋಡಿದ್ದು ಆಕಾಶದಲ್ಲಿ, ಬೀದರ ವಾಯುನೆಲೆಯ ಸೂರ್ಯಕಿರಣ ವಿಮಾನಗಳಲ್ಲಿ.

ಹೋದ ಮಳೆಗಾಲ ಅವನು ಊರಿಗೆ ಬಂದ. ಸೋಯಾ ಮೊಣಕಾಲುದ್ದ ಬಂದಿತ್ತು. ಹೊಲದ ದಾರಿಯಲ್ಲಿ ಗಾಡಿ ಇಳಿಸಿಯೇಬಿಟ್ಟ. ಕಂಪನಿಯ ಹೆಸರು ಬೇಡ, ತಪ್ಪು ಗಾಡಿಯದಲ್ಲ, ಎರಿ ಮಣ್ಣಿನದು. ಮರಳು ಜಾರುತ್ತದೆ, ಕಲ್ಲು ಎಗರಿಸುತ್ತದೆ. ಎರಿ ಹಾಗಲ್ಲ, ತಬ್ಬಿಕೊಳ್ಳುತ್ತದೆ. ನೀರು ಕುಡಿದು ಉಬ್ಬಿ ಟೈರಿನ ಸಂದುಗಳಲ್ಲೆಲ್ಲ ತುಂಬಿಕೊಂಡು, ಎಂಥ ಹಲ್ಲಿನ ಟೈರನ್ನೂ ಬೋಳು ಮಾಡಿಬಿಡುತ್ತದೆ. ಆಮೇಲೆ ತಿರುಗುವುದು ಎರಡೇ ಚಕ್ರವಾದರೇನು, ನಾಲ್ಕಾದರೇನು? ತಿರುಗಿದಷ್ಟೂ ಇಳಿಯಿತು. ಕಡೆಗೆ ಅದೂ ಹೊಟ್ಟೆ ತಾಗಿಸಿ ಕೂತಿತು, ಥೇಟ್ ನನ್ನ 911ರ ಹಾಗೆ. ಬಾಯಿಬಿಟ್ಟು ಹೇಳಲಿಲ್ಲ.

ದೇವಣಿ ಎತ್ತುಗಳು ಬಂದು ಎಳೆದವು ಎಂದು ಬರೆದರೆ ಚೆಂದ ಕಾಣುತ್ತದೆ. ಬಂದದ್ದು ಪಕ್ಕದ ಹೊಲದ ಮಾಮಾನ ಟ್ರ್ಯಾಕ್ಟರ್. ಅದೂ ತಕ್ಷಣ ಅಲ್ಲ. "ಬಿಸಿಲ ಬೀಳ್ಲಿ ತಡಿ, ಎರಿ ಎಳದ್ರ ಬಿಡಂಗಿಲ್ಲ" ಎಂದು ಎರಡು ತಾಸು ಬದುವಿನ ಮೇಲೆ ಕೂರಿಸಿದ.

ಕೂತಲ್ಲಿ ಲಂಬೋರ್ಗಿನಿ ಕತೆ ಹೇಳಿದೆ. ಆ ಇಟಲಿಯವ 1948ರಲ್ಲಿ ಶುರು ಮಾಡಿದ್ದು ಟ್ರ್ಯಾಕ್ಟರ್. ಸ್ಪೋರ್ಟ್ಸ್ ಕಾರಿನ ಕಂಪನಿ ಕಟ್ಟಿದ್ದು 1963ರಲ್ಲಿ. ತನ್ನ ಫೆರಾರಿಯ ಕ್ಲಚ್ ಸರಿಯಿಲ್ಲವೆಂದು ದೂರಿದಾಗ, ಟ್ರ್ಯಾಕ್ಟರ್ ಮಾಡುವವನಿಗೆ ಕಾರಿನ ವಿಷಯ ಏನು ಗೊತ್ತೆಂದು ಫೆರಾರಿ ಮೂದಲಿಸಿದನಂತೆ. ಆ ಹಟಕ್ಕೆ ಮಾಡಿದ್ದೆಂಬ ಮಾತಿದೆ. ಮಾಮಾ ಗಂಭೀರವಾಗಿ ಕೇಳಿ, "ಟ್ರ್ಯಾಕ್ಟರ್ ಮಾಡೋದು ಬಿಟ್ನೇನು ಹಂಗಾರ?" ಎಂದ. ಅವನಿಗೆ ಹಳಹಳಿಯಾದದ್ದು ಅದೊಂದೇ.

ಮರುದಿನ ಹುಡುಗ ಹೊರಟಾಗ ನಾನು ಪೈಪ್ ಹಿಡಿದು ಗಾಡಿ ತೊಳೆಯಲು ಹೋದೆ. ಕೈ ಅಡ್ಡ ಹಿಡಿದ. "ಬ್ಯಾಡ್ರಿ ಕಾಕಾ, ರಾಡಿ ಹಂಗೇ ಇರ್ಲಿ. ಬೆಂಗಳೂರಾಗ ತೋರಸಬೇಕು." ಬಾಗಿಲ ತನಕ ಮೆತ್ತಿದ ಕರಿಮಣ್ಣಿನ ಸಮೇತ ಗಾಡಿ ಬೀದರ ರಸ್ತೆ ಹಿಡಿಯಿತು. ನಾನು ಒಂದು ಕಡ್ಡಿ ತಗೊಂಡು ಚಪ್ಪಲಿಗೆ ಹತ್ತಿದ ಎರಿ ಕೆರೆಯುತ್ತ ಕೂತೆ.