ನಾನು ಹಾಕಿದ ಹಸಿ ಗೊಬ್ಬರ

ನಮ್ಮ ಮನೆ ಕಲ್ಲೋಳಿಯ ತೋಟದಲ್ಲಿದೆ. ಎರಡು ಎಮ್ಮೆ, ಒಂದು ಆಕಳು ಇವೆ. ದಿನಾ ಮುಂಜಾನೆ ಹೆಂಡಿ ಬಳಿದು ತಿಪ್ಪಿಗೆ ಹಾಕುವ ಕೆಲಸ ನನ್ನದು. ಹಿತ್ತಲಲ್ಲಿ ಅವ್ವ ಹಚ್ಚಿದ 12 ಬದನಿ ಗಿಡಗಳಿಗೆ ನೀರು ಹಾಕುವುದು ತಮ್ಮನ ಕೆಲಸ.

ಬೇಸಿಗೆಯಲ್ಲಿ ಕುರಿಯವರು ಬಂದು ನಮ್ಮ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ನಿಲ್ಲಿಸಿದ್ದರು. ಅಪ್ಪ ಅವರಿಗೆ ಜೋಳ ಕೊಟ್ಟ. ಕುರಿ ಹಿಕ್ಕಿ ಹಾಗೇ ಹೊಲಕ್ಕೆ ಬಿದ್ದರೂ ಬೆಳೆ ಚಲೋ ಬರುತ್ತದೆ, ಅಂದಮೇಲೆ ಎಮ್ಮೆ ಹೆಂಡಿಯನ್ನು ತಿಪ್ಪಿಯ ತನಕ ಯಾಕೆ ಹೊರಬೇಕು ಎಂದು ವಿಚಾರ ಮಾಡಿದೆ. ಖರೆ ಹೇಳಬೇಕೆಂದರೆ ಬುಟ್ಟಿ ಹೊರಲು ನನಗೆ ಬ್ಯಾಸರ. ಮಳೆಗಾಲದಲ್ಲಿ ಒಂದು ದಿನ ಯಾರಿಗೂ ಹೇಳದೆ ಹಸಿ ಹೆಂಡಿ, ಗಂಜಲ ಕೂಡಿಯೇ ಬದನಿ ಬುಡಕ್ಕೆ ಸುರುವಿ ಮೇಲೆ ಮಣ್ಣು ಎಳೆದೆ. ಮರುದಿನವೂ ಹಾಗೇ ಮಾಡಿದೆ.

ಒಂದು ವಾರದಲ್ಲಿ ಎಲೆಗಳ ಅಂಚು ಸುಟ್ಟಂತೆ ಆಯಿತು. ಏಳು ಗಿಡ ಒಣಗಿದವು. ಅವ್ವ ತಮ್ಮನಿಗೆ, "ನೀರ ಹಾಕಿಲ್ಲ ನೀ" ಎಂದು ಎರಡು ಏಟು ಹಾಕಿದಳು. "ಹಾಕೀನಿ ಅವ್ವಾ" ಎಂದು ಅವನು ಅತ್ತ. ನಾನು ಪುಸ್ತಕ ಹಿಡಿದು ಸುಮ್ಮನೆ ಕುಳಿತಿದ್ದೆ.

ಸಂಜೆ ಅಜ್ಜ ಒಂದು ಗಿಡ ಕಿತ್ತು ಬೇರು ನೋಡಿದ. ಮಣ್ಣಿನ ವಾಸನೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಬೈಯಲಿಲ್ಲ. ಮರುದಿನ ತಿಪ್ಪಿಗೆ ಕರೆದುಕೊಂಡು ಹೋಗಿ ಹಾರಿಯನ್ನು ಒಳಗೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದ. "ಮುಟ್ಟಿ ನೋಡು" ಅಂದ. ಚುರ್ ಅಂತು!

"ಇದು ಬುಡದಾಗ ಕುದ್ರ ಬೇರು ಉಳೀತಾವೇನು?"

"ಮತ್ತ ಕುರಿ ಹಿಕ್ಕಿ, ಅಜ್ಜಾ?"

"ಅದು ಖಾಲಿ ಹೊಲ. ಹೊಲಾ ಹರಗಿ, ಮಳಿ ಬಿದ್ದು, ಎಲ್ಲಾ ಆರಿದ ಮ್ಯಾಲ ಬಿತ್ತತೀವಿ."

ನಮ್ಮ ವಿಜ್ಞಾನ ಗುರುಗಳನ್ನು ಕೇಳಿದೆ. ಸೂಕ್ಷ್ಮಜೀವಿಗಳಿಂದ ತಿಪ್ಪೆಯ ಒಳಗೆ 60 ಡಿಗ್ರಿಯವರೆಗೂ ಕಾವು ಏರುತ್ತದೆ, ಆ ಕಾವಿಗೆ ಕಳೆಯ ಬೀಜ ಸಾಯುತ್ತವೆ ಎಂದರು. ಗಂಜಲದಿಂದ ಹುಟ್ಟುವ ಅಮೋನಿಯಾ ಬೇರನ್ನು ಸುಡುತ್ತದಂತೆ. ಆಲ್ಬರ್ಟ್ ಹೊವಾರ್ಡ್ ಎಂಬ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ಗೊಬ್ಬರ ಕಳಿಸುವ ಪದ್ಧತಿಯನ್ನು ರೂಪಿಸಿದರು ಎಂದೂ ಹೇಳಿದರು. ನಮ್ಮ ಅಜ್ಜ ಇಂದೋರು ನೋಡಿಲ್ಲ.

ಅಜ್ಜ ಮತ್ತು ನಾನು ಕಬ್ಬಿನ ರವದಿ ಕತ್ತರಿಸಿ ಒಂದು ಪದರ, ಮೇಲೆ ಹೆಂಡಿಯ ರಾಡಿ, ಮೇಲೆ ಹಿಡಿ ಮಣ್ಣು, ಹೀಗೆ ಗುಂಡಿ ತುಂಬಿದೆವು. (ಆ ರವದಿಯನ್ನು ಬಹಳ ಮಂದಿ ಹೊಲದಲ್ಲೇ ಸುಡುತ್ತಾರೆ.) ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದೆವು. ಮೊದಲ ಸಲ ಹೊಗೆಯಂತೆ ಹಬೆ ಬಂತು. ಮೂರು ತಿಂಗಳಿಗೆ ಕರ್ರಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂತು. ಉಳಿದ ಐದು ಗಿಡಗಳಿಗೆ ಎರಡೆರಡು ಬೊಗಸೆ ಹಾಕಿದೆ. ಈಗ ಕಾಯಿ ಹಿಡಿದಿವೆ.

ಅಜ್ಜ ಅವ್ವನಿಗೆ ಏನೂ ಹೇಳಲಿಲ್ಲ. ನಾನೂ ಹೇಳಿಲ್ಲ. ತಮ್ಮ ಇದೇ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾನೆ. ಗೋಡೆ ಪತ್ರಿಕೆಯನ್ನು ಅವನೂ ಓದುತ್ತಾನೆ.