ಹದಿನೈದು ವರ್ಷದ ಆಚೆ

2022ಕ್ಕಿಂತ ಮುಂಚೆ ಸಿಪಾಯಿಯಾಗಿ ಸೈನ್ಯಕ್ಕೆ ಸೇರಿದವನು 15 ವರ್ಷ ತುಂಬುವ ತನಕ ಬಿಡುವ ಮಾತೆತ್ತುವುದಿಲ್ಲ. ಅಷ್ಟು ಸೇವೆಯಾಗದೆ ಪಿಂಚಣಿ ಇಲ್ಲ. ರಜೆ ಸಿಗದೆ ಸಿಟ್ಟು ಬರಲಿ, ಊರಿಂದ ಕೆಟ್ಟ ಸುದ್ದಿ ಬರಲಿ, ಹಲ್ಲು ಕಚ್ಚಿಕೊಂಡು ಇರುತ್ತಾನೆ. ಹದಿನೈದು ತುಂಬಿತೋ, ಅಂದಿನಿಂದ ತಲೆಯೊಳಗೆ ಹುಳ ಕೊರೆಯತೊಡಗುತ್ತದೆ. ಪಿಂಚಣಿ ಖಾತ್ರಿಯಾಯಿತು, ಇನ್ನು ಇರುವುದೂ ನನ್ನ ಇಷ್ಟ, ಹೋಗುವುದೂ ನನ್ನ ಇಷ್ಟ. ಏಳುವುದು, ಉಣ್ಣುವುದು, ಕೂದಲು ಕತ್ತರಿಸಿಕೊಳ್ಳುವುದು ಎಲ್ಲವನ್ನೂ ಹುಕುಂ ಪ್ರಕಾರ ಮಾಡಿಕೊಂಡು ಬಂದವನ ಮುಂದೆ ಬದುಕಿನ ಅತಿ ದೊಡ್ಡ ತೀರ್ಮಾನ ಬಂದು ನಿಲ್ಲುತ್ತದೆ. ಇದೊಂದಕ್ಕೆ ಮಾತ್ರ ಯಾರೂ ಹುಕುಂ ಕೊಡುವುದಿಲ್ಲ.

ನಾನು 2004ರಲ್ಲಿ ಬೆಳಗಾವಿಯ ಭರ್ತಿಯಲ್ಲಿ ಓಡಿ ಆಯ್ಕೆಯಾದವನು. ನಮ್ಮ ಬೈಲಹೊಂಗಲ ಕಡೆಯ ಹುಡುಗರು ಬಹಳ ಮಂದಿ ಬೆಳಗಾವಿಯಲ್ಲೇ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಹೋಗುತ್ತಾರೆ. ನನ್ನ ಪಾಲಿಗೆ ಬಂದದ್ದು ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಿನ ಮದ್ರಾಸ್ ಇಂಜಿನಿಯರ್ ಗ್ರೂಪ್, ಅಂದರೆ ಎಂಇಜಿ. ದಕ್ಷಿಣದ ಎಲ್ಲ ರಾಜ್ಯಗಳ ಹುಡುಗರು ಅಲ್ಲಿ ಸೇರುತ್ತಾರೆ, ಸೇರಿದ ದಿನದಿಂದ ಎಲ್ಲರೂ ‘ತಂಬಿ’ಗಳಾಗುತ್ತಾರೆ. ನನ್ನ ಹದಿನೈದು ತುಂಬಿದ್ದು 2019ರಲ್ಲಿ. ಅಷ್ಟರಲ್ಲಿ ಹವಾಲ್ದಾರನಾಗಿದ್ದೆ. ಮುಂದೆ ಇನ್ನೂ ಹಲವು ವರ್ಷ ಸೇವೆ ಮಾಡಲು ಅವಕಾಶವಿತ್ತು, ನಾಯಬ್ ಸುಬೇದಾರ್ ಆಗುವ ಆಸೆಯೂ ಇತ್ತು.

ಲಂಗರಿನಲ್ಲಿ, ಅಂದರೆ ಸೈನ್ಯದ ಊಟದ ಮನೆಯಲ್ಲಿ, ತಟ್ಟೆ ಹಿಡಿದು ಕೂತರೆ ಹಳೆಯ ಜವಾನರ ನಡುವೆ ಇದೇ ಮಾತು. ‘ಪ್ರಿಮೆಚ್ಯೂರ್ ಹಾಕ್ತೀಯಾ?’ ಅಂದರೆ ಅವಧಿ ಮುಗಿಯುವ ಮುಂಚೆ ಸ್ವಂತ ಕೋರಿಕೆಯ ಮೇಲೆ ಬಿಡುತ್ತೀಯಾ ಎಂದು. ಲೆಕ್ಕ ಶುರುವಾಗುತ್ತದೆ. ಕೊನೆಯ ಸಂಬಳದ ಅರ್ಧ ಪಿಂಚಣಿ. ಅದರಲ್ಲೂ ಅರ್ಧದ ತನಕ ಕಮ್ಯುಟೇಷನ್ ಮಾಡಿ ಒಂದೇ ಗಂಟಾಗಿ ತೆಗೆದುಕೊಳ್ಳಬಹುದು, ಆ ಭಾಗ ಮತ್ತೆ ಕೈಗೆ ಬರುವುದು 15 ವರ್ಷದ ನಂತರ. ನಮ್ಮ ಕಡೆ ಮಾಜಿ ಸೈನಿಕರ ಆರ್‌ಸಿಸಿ ಮನೆಗಳು ಎದ್ದಿರುವುದು ಹೆಚ್ಚಾಗಿ ಈ ಗಂಟಿನಿಂದಲೇ. ದುಡ್ಡಿನ ವಿಷಯದಲ್ಲಿ ಬಿಡಬೇಕೆನ್ನುವವನನ್ನು ತಡೆದು ನಿಲ್ಲಿಸುವುದು ಇನ್ನೊಂದು ನಿಯಮ. ‘ಒಂದು ಶ್ರೇಣಿ ಒಂದು ಪಿಂಚಣಿ’ಯ ಆದೇಶ ಬಂದದ್ದು 2015ರ ನವೆಂಬರ್ 7ರಂದು. 2014ರ ಜುಲೈ 1ರಿಂದ ಲೆಕ್ಕ ಹಿಡಿದು ಐದು ವರ್ಷಕ್ಕೊಮ್ಮೆ ಹಳಬರ ಪಿಂಚಣಿಯನ್ನು ಹೊಸಬರದಕ್ಕೆ ಸರಿಗಟ್ಟಿಸುತ್ತಾರೆ. ಆದರೆ ಆ ಆದೇಶದ ನಂತರ ತಾವಾಗಿ ಕೇಳಿಕೊಂಡು ಅವಧಿಗೆ ಮುನ್ನ ಹೊರಬಿದ್ದವರಿಗೆ ಅದು ಸಿಗುವುದಿಲ್ಲ ಎಂದು ಅದೇ ಆದೇಶದಲ್ಲಿತ್ತು. ಹದಿನೇಳು ವರ್ಷ ಸೇವೆ ಮಾಡಿದವನು ತಾನಾಗಿ ಬಿಟ್ಟ ಎನ್ನುವ ಒಂದೇ ಕಾರಣಕ್ಕೆ ಅವನ ಅಷ್ಟೂ ಸೇವೆಯ ಬೆಲೆ ಕಡಿಮೆಯಾಗುವುದು ಸರಿಯಲ್ಲ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೂ ಬಿಡುವವನು ಇದನ್ನು ತಿಳಿದೇ ಬಿಡಬೇಕು. ಕಾಗದ ಹಾಕಿದ ಮೇಲೆ ತಿಳಿದು ಹಣೆ ಬಡಿದುಕೊಂಡವರನ್ನು ನೋಡಿದ್ದೇನೆ.

ಆದರೆ ಲೆಕ್ಕದಿಂದ ತೀರುವ ವಿಷಯ ಇದಾಗಿದ್ದರೆ ಎಷ್ಟು ಹಗುರವಿತ್ತು!

ನನ್ನನ್ನು ಹಿಡಿದಿಟ್ಟದ್ದು ಏನೆಂದು ಹೇಳಲು ನಮ್ಮ ಸೇತುವೆ ಕೆಲಸದ ಮಾತು ಹೇಳಬೇಕು. ಬಿಡಿ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ 10 ಅಡಿ ಉದ್ದ, 5 ಅಡಿ ಎತ್ತರ, ತೂಕ ಸುಮಾರು 260 ಕಿಲೋ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಇಂಗ್ಲಿಷ್ ಇಂಜಿನಿಯರ್ ಮಾಡಿದ ವಿನ್ಯಾಸ ಅದು. ಕ್ರೇನ್ ಬೇಡ, ಆರು ಜನ ಸಾಕು. ಕಬ್ಬಿಣದ ಚೌಕಟ್ಟಿನ ಸಂದಿಯಲ್ಲಿ ಕ್ಯಾರಿಯಿಂಗ್ ಬಾರ್ ತೂರಿಸಿ, ಆ ಕಡೆ ಮೂವರು ಈ ಕಡೆ ಮೂವರು ನಿಂತು ಎತ್ತುತ್ತಾರೆ. ಎತ್ತಿನ ಜೋಡಿ ಕಟ್ಟುವವರ ಹಾಗೆ ನಮ್ಮ ಸುಬೇದಾರರು ಎತ್ತರ ನೋಡಿ ಜೊತೆ ಮಾಡುತ್ತಿದ್ದರು. ಒಬ್ಬ ಗಿಡ್ಡನಿದ್ದರೆ ಭಾರವೆಲ್ಲ ಪಕ್ಕದವನ ಮೇಲೆ ಬೀಳುತ್ತದೆ. ಮಳೆಯ ರಾತ್ರಿ, ಕಾಲಡಿ ಕೆಸರು, ಕೆಳಗೆ ನದಿ ಮೊರೆಯುತ್ತಿರುತ್ತದೆ. ಪ್ಯಾನೆಲಿಗೆ ಪ್ಯಾನೆಲ್ ತಾಗಿಸಿ ತೂತಿಗೆ ತೂತು ಕೂಡಿಸಿ ಪಿನ್ ಹೊಡೆಯಬೇಕು. ಆ ಗಳಿಗೆಯಲ್ಲಿ ಯಾರೂ ಮಾತಾಡುವುದಿಲ್ಲ, ಕಮಾಂಡ್ ಒಂದೇ ಕೇಳಬೇಕು. ಆರು ಜನರಲ್ಲಿ ಒಬ್ಬ ಮುಂಚೆ ಕೈ ಬಿಟ್ಟರೆ ಇನ್ನೊಬ್ಬನ ಬೆರಳು ಹೋಗುತ್ತದೆ. ಹೀಗೆ ಕಟ್ಟುತ್ತಾ ಕಟ್ಟುತ್ತಾ ರೋಲರ್ ಮೇಲೆ ಇಡೀ ಸೇತುವೆಯನ್ನು ಆಚೆ ದಡಕ್ಕೆ ನೂಕುತ್ತೇವೆ. ಬೆಳಗಾಗುವ ಹೊತ್ತಿಗೆ ಮೊದಲ ಲಾರಿ ಅದರ ಮೇಲೆ ದಾಟಿದಾಗ ಆಗುವ ಸಂತೋಷವನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ. ಆ ಆರು ಜನರಲ್ಲಿ ಒಬ್ಬ ತಮಿಳ, ಒಬ್ಬ ಮಲಯಾಳಿ, ಇಬ್ಬರು ತೆಲುಗರು. ಯಾರ ಮನೆಯಲ್ಲಿ ಏನು ಕಷ್ಟ, ಯಾರ ಮಗಳಿಗೆ ಎಷ್ಟು ಅಂಕ ಬಂತು, ಎಲ್ಲ ಪರಸ್ಪರ ಗೊತ್ತು. ಇವರನ್ನು ಬಿಟ್ಟು ಹೋಗಬೇಕಲ್ಲ ಎನ್ನುವುದೇ ನನ್ನನ್ನು ಕಟ್ಟಿಹಾಕಿದ್ದು. ದೇಶಸೇವೆ ಎಂಬ ದೊಡ್ಡ ಮಾತನ್ನು ಭಾಷಣದಲ್ಲಿ ಕೇಳುತ್ತೇವೆ. ಜವಾನನಿಗೆ ಅದು ಪಕ್ಕದಲ್ಲಿ ಬಾರ್ ಹಿಡಿದು ನಿಂತವನ ಮುಖದಲ್ಲಿ ಕಾಣುತ್ತದೆ.

ಹಾಗಿದ್ದೂ ಬಿಡುವ ಯೋಚನೆ ಗಟ್ಟಿಯಾದದ್ದು 2019ರ ಆಗಸ್ಟಿನಲ್ಲಿ. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಒಟ್ಟಿಗೆ ಉಕ್ಕಿದ ವರ್ಷ ಅದು. ರಾಮದುರ್ಗ, ಮುನವಳ್ಳಿ, ಗೋಕಾಕ ನೀರಲ್ಲಿ ನಿಂತಿದ್ದವು. ನಾನು ಆಗ ಸಿಕ್ಕಿಂನಲ್ಲಿದ್ದೆ. ಸಿಗ್ನಲ್ ಸಿಕ್ಕಾಗ ಫೋನಿನಲ್ಲಿ ವಿಡಿಯೊ ನೋಡುವುದು, ಸಿಗದಾಗ ಸುಮ್ಮನೆ ಕೂರುವುದು. ನೆರೆಯಲ್ಲಿ ಸಿಕ್ಕಿಬಿದ್ದವರನ್ನು ದೋಣಿಯಲ್ಲಿ ಎತ್ತಿ ತರುವುದು ನಾನು ಕಲಿತ ಕೆಲಸ. ಊರೂರಿನ ನೆರೆಗೆ ಹೋಗಿದ್ದವನಿಗೆ ನಮ್ಮ ಹೊಳೆಯ ನೆರೆಯಲ್ಲಿ ಅವ್ವನನ್ನು ಮನೆಯಿಂದ ಹೊರಗೆ ತಂದದ್ದು ಯಾರು ಎಂಬುದೂ ತಿಳಿದದ್ದು ತಡವಾಗಿ. ತಂದವಳು ನನ್ನ ಹೆಂಡತಿ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅವ್ವ, ಇಬ್ಬರು ಮಕ್ಕಳು, ಎರಡು ಎಮ್ಮೆ, ಕಾಗದಪತ್ರದ ಟ್ರಂಕು ಎಲ್ಲವನ್ನೂ ಹೇರಿಕೊಂಡು ಎತ್ತರದ ಶಾಲೆಗೆ ಸಾಗಿಸಿದ್ದಳು.

ಸೈನಿಕರ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಎಲ್ಲ ಸಿಕ್ಕರೂ ಉಳಿದ ಒಂಬತ್ತು ತಿಂಗಳು ಮನೆಯ ಯಜಮಾನಿಕೆ ಹೆಂಗಸಿನದೇ. ಪಂಪ್‌ಸೆಟ್ಟು ಸುಟ್ಟರೆ ಮೆಕ್ಯಾನಿಕ್ಕನ್ನು ಕರೆಸುವವಳು ಅವಳು, ಪಹಣಿಯಲ್ಲಿ ಹೆಸರು ತಪ್ಪಾದರೆ ತಲಾಟಿಯ ಬಳಿ ಅಲೆಯುವವಳು ಅವಳು, ಸೋಯಾಬೀನಿಗೆ ಯಾವ ಔಷಧಿ ಹೊಡೆಯಬೇಕೆಂದು ಗೊತ್ತಿರುವುದೂ ಅವಳಿಗೇ. ರಜೆಗೆ ಬರುವ ಗಂಡ ಮನೆಗೆ ಪ್ರೀತಿಯ ಅತಿಥಿ. ನಾನು ಬಿಡುವ ಮಾತು ಎತ್ತಿದಾಗ ಅವಳು ಖುಷಿಯಿಂದ ಕುಣಿಯಲಿಲ್ಲ. “ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬಂದ ಮ್ಯಾಲ ಮನ್ಯಾಗ ಹುಕುಂ ನಡಸಬ್ಯಾಡ್ರಿ. ಹೊಲದ ವ್ಯವಹಾರ ನನಗ ಗೊತ್ತೈತಿ, ನೀವು ಕಲೀರಿ” ಎಂದಳು. ಎಷ್ಟು ನ್ಯಾಯದ ಮಾತು! ಗಂಡ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಇಷ್ಟು ವರ್ಷ ಒಬ್ಬಳೇ ನಡೆಸಿಕೊಂಡು ಬಂದ ಮನೆಯಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವುದು ಅವಳಿಗೂ ಸಲೀಸಲ್ಲ. ಬಿಡುವ ಯೋಚನೆಯಲ್ಲಿರುವ ತಮ್ಮಂದಿರು ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಮನೆಯವಳ ಜೊತೆ ಕೂತು ಮಾತಾಡು ಎನ್ನುತ್ತೇನೆ.

ಮಕ್ಕಳ ಕತೆ ಬೇರೆ. ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ನಿನಲ್ಲಿ ಕ್ವಾರ್ಟರ್ಸ್ ಸಿಕ್ಕಾಗ ಅವರು ಕೇಂದ್ರೀಯ ವಿದ್ಯಾಲಯದಲ್ಲಿ ಓದಿದರು. ಒಳ್ಳೆಯ ಶಾಲೆ, ದೂರುವುದಕ್ಕೇನೂ ಇಲ್ಲ. ಆದರೆ ಒಂದು ರಜೆಯಲ್ಲಿ ಅಜ್ಜಿಯ ಜೊತೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಮಗಳು ಬಸ್ ನಿಲ್ದಾಣದಲ್ಲಿ ಸವದತ್ತಿಯ ಬಸ್ಸು ಯಾವುದೆಂದು ಪಕ್ಕದವರನ್ನು ಕೇಳಿದಳು. ಬೋರ್ಡು ಎದುರಿಗೇ ಇತ್ತು, ಕನ್ನಡದಲ್ಲಿ. ಅಜ್ಜಿಗೆ ಓದು ಬಾರದು, ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಅವ್ವ ಯಾರನ್ನೂ ದೂರದೆ ಅದನ್ನು ನನಗೆ ಹೇಳಿದಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಇನ್ನು ಕೆಲಸ. ಮೂವತ್ತಾರು ಮೂವತ್ತೇಳರ ಗಂಡಸಿಗೆ ಪಿಂಚಣಿ ನೆಚ್ಚಿಕೊಂಡು ಕಟ್ಟೆಯ ಮೇಲೆ ಕೂರಲಾಗುವುದಿಲ್ಲ. ಕಾನೂನು ಕೊಟ್ಟಿರುವುದು ಕಡಿಮೆಯೇನಲ್ಲ. ಕರ್ನಾಟಕದ ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲು ಇದೆ. ರಾಷ್ಟ್ರೀಕೃತ ಬ್ಯಾಂಕುಗಳ ಗುಮಾಸ್ತರ ಹುದ್ದೆಗಳಲ್ಲಿ ಶೇ. 14.5, ಅದಕ್ಕೂ ಕೆಳಗಿನ ಹುದ್ದೆಗಳಲ್ಲಿ ಶೇ. 24.5 ಇದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವನನ್ನು ಪದವಿ ಬೇಡುವ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೂ ಪರಿಗಣಿಸುತ್ತಾರೆ. ಇದನ್ನೆಲ್ಲ ತಿಳಿಸುವುದಕ್ಕೆ ಜಿಲ್ಲೆಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ. ನಿವೃತ್ತರಾಗುವವರಿಗೆ ಪುನರ್ವಸತಿ ಮಹಾನಿರ್ದೇಶನಾಲಯ ತರಬೇತಿಗಳನ್ನು ನಡೆಸುತ್ತದೆ. ಆದರೆ ಪರೀಕ್ಷೆ ಬರೆದೇ ಗೆಲ್ಲಬೇಕು. ಬಂಕರಿನಲ್ಲಿ ಕೂತು ಗಣಿತ ಓದುವವನು ಧಾರವಾಡದ ಕೋಚಿಂಗ್ ಹುಡುಗನ ವೇಗಕ್ಕೆ ಬರಲು ಎರಡು ಮೂರು ವರ್ಷ ಮೊದಲೇ ತಯಾರಿ ಶುರುಮಾಡಬೇಕು.

ರಜೆಯಲ್ಲಿ ಒಂದು ಖಾಸಗಿ ಕಂಪನಿಗೆ ಹೋಗಿ ವಿಚಾರಿಸಿದೆ. ಸೇತುವೆ, ರಸ್ತೆ, ನೀರಿನ ಪೈಪ್‌ಲೈನ್ ಕೆಲಸ ಮಾಡಿದ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಅಲ್ಲಿದ್ದವರು ಅವನ್ನು ತೆರೆಯದೆ, “ಮಿಲಿಟರಿಯವ್ರಾ? ಗನ್‌ಮ್ಯಾನ್ ಬೇಕಾಗ್ಯಾನ್ರಿ. ಬಂದೂಕಿನ ಲೈಸೆನ್ಸ್ ಐತೇನ್ರಿ?” ಎಂದರು. ಕಾವಲು ಕೆಲಸ ಕೀಳಲ್ಲ. ನಮ್ಮವರು ಎಷ್ಟೋ ಜನ ಎಟಿಎಂ, ಆಸ್ಪತ್ರೆ, ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಮರ್ಯಾದೆಯಿಂದ ನಿಂತು ಮಕ್ಕಳನ್ನು ಓದಿಸಿದ್ದಾರೆ. ನನಗೆ ನೋವಾದದ್ದು ಕಾಗದ ತೆರೆದು ನೋಡಲಿಲ್ಲವಲ್ಲ ಎಂದು. ಸೈನ್ಯವೆಂದರೆ ಬಂದೂಕು ಎಂದಷ್ಟೇ ತಿಳಿದವರಿಗೆ ಅದರೊಳಗೆ ಬಡಗಿ, ಸರ್ವೇಯರ್, ನರ್ಸಿಂಗ್ ಸಹಾಯಕ, ರೇಡಿಯೊ ಮೆಕ್ಯಾನಿಕ್, ಡೋಜರ್ ಆಪರೇಟರ್, ಗುಮಾಸ್ತ, ಬಾಣಸಿಗ ಎಲ್ಲರೂ ಇದ್ದಾರೆಂದು ಹೇಳುವವರು ಯಾರು?

ಇದ್ಯಾವುದನ್ನೂ ಯೋಚಿಸದೆ ಹುಮ್ಮಸ್ಸಿನಿಂದ ಬಿಡುವವರನ್ನೂ ಕಂಡಿದ್ದೇನೆ. “ಕ್ಯಾಪ್ಟನ್ ಗೋಪಿನಾಥ್ ಬಿಡ್ಲಿಲ್ವಾ?” ಎನ್ನುತ್ತಿದ್ದ ಹಾಸನದ ಹುಡುಗನೊಬ್ಬ. ಗೊರೂರಿನ ಗೋಪಿನಾಥ್ ಎಂಟು ವರ್ಷದ ಸೇವೆಯ ನಂತರ ಸೈನ್ಯ ಬಿಟ್ಟು ಹೊಲಕ್ಕಿಳಿದರು, ಅವರ ವಿಮಾನ ಸಂಸ್ಥೆ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಅವೆರಡರ ನಡುವಿನ ವರ್ಷಗಳ ದುಡಿಮೆಯನ್ನು ಆ ಹುಡುಗ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊನೆಗೆ ನಾನು ಕೇಳಿದ್ದು ಕೋಲಾರದ ಕಡೆಯ ನಮ್ಮ ಸುಬೇದಾರ್ ಸಾಹೇಬರ ಮಾತು. “ನೋಡಪ್ಪ, ಕೆಲಸ ಗೊತ್ತು ಮಾಡ್ಕೊಂಡು ಕಾಗದ ಹಾಕು, ರೋಷಕ್ಕೆ ಹಾಕ್ಬೇಡ. ರಜೆ ಸಿಗಲಿಲ್ಲ ಅಂತ ಪ್ರಿಮೆಚ್ಯೂರ್ ಹೋದೋರು ಡಿಎಸ್‌ಸಿಗೆ ಭರ್ತಿಯಾಗಿ ಮತ್ತೆ ಸೆಂಟ್ರಿ ಹೊಡೀತಾವ್ರೆ” ಎಂದರು. ಡಿಫೆನ್ಸ್ ಸೆಕ್ಯುರಿಟಿ ಕೋರ್ ಮಾಜಿ ಸೈನಿಕರನ್ನೇ ಸೇರಿಸಿಕೊಳ್ಳುವ ದಳ. ಅಲ್ಲಿಗೆ ಹೋಗುವುದೂ ಮರ್ಯಾದೆಯ ದಾರಿಯೇ, ಆದರೆ ಮನೆಗೆಂದು ಬಿಟ್ಟವನು ಮತ್ತೆ ಮನೆಯಿಂದ ದೂರವೇ ಹೋದಂತಾಗುತ್ತದೆ. ಅವರ ಮಾತಿನ ಮೇಲೆ ಎರಡು ರಜೆಗಳನ್ನು ಕೆಲಸ ಹುಡುಕುವುದಕ್ಕೇ ಮೀಸಲಿಟ್ಟೆ. ಕಾಲುವೆ, ಕಿರುಸೇತುವೆ ಮಾಡುವ ಗುತ್ತಿಗೆದಾರರೊಬ್ಬರು ನನ್ನ ಕಾಗದ ಓದಿದರು, ಸೈಟಿಗೆ ಕರೆದೊಯ್ದು ಲೆವೆಲ್ ತೆಗೆಸಿ ನೋಡಿದರು, ಬಂದರೆ ಸೂಪರ್‌ವೈಸರ್ ಕೆಲಸ ಕೊಡುತ್ತೇನೆಂದರು. 2021ರಲ್ಲಿ ಬಿಟ್ಟು ಬಂದೆ.

ಕೈಗೆ ಬರುವ ಸಂಬಳ ಮೊದಲ ವರ್ಷ ಕಡಿಮೆಯಿತ್ತು, ಪಿಂಚಣಿಯೇ ಮನೆ ನಡೆಸಿತು. ಅವ್ವನ ಸಕ್ಕರೆ ಕಾಯಿಲೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಆಸರೆಯಾಯಿತು. ಸೈಟಿನಲ್ಲಿ ಎಂಟು ಗಂಟೆ ಎಂದರೆ ಒಂಬತ್ತೂವರೆಗೆ ಬರುವ ಕೂಲಿಯವರ ಮೇಲೆ ಗದರಿದರೆ ಮರುದಿನ ಅವರು ಬರುವುದೇ ಇಲ್ಲ. ಹೆಗಲ ಮೇಲೆ ಕೈಯಿಟ್ಟು ಕೆಲಸ ತೆಗೆಯುವುದನ್ನು ಕಲಿತೆ. ಮಗಳು ಈಗ ಕನ್ನಡ ದಿನಪತ್ರಿಕೆಯನ್ನು ಅಜ್ಜಿಗೆ ಓದಿ ಹೇಳುತ್ತಾಳೆ. ಹೊಲದ ಹುಕುಂ ಇವತ್ತಿಗೂ ಹೆಂಡತಿಯದೇ.

2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಹೊತ್ತಿಗೆ ಕಟ್ಟಿ ಮುಗಿಸಿದವರು ನನ್ನ ಎಂಇಜಿಯವರು. ಮುಂದೆ ನಿಂತು ಕಟ್ಟಿಸಿದವರು ಮೇಜರ್ ಸೀತಾ ಶೆಳಕೆ. ಟಿವಿಯಲ್ಲಿ ಪ್ಯಾನೆಲ್ ಹೊತ್ತು ನಡೆಯುವ ಹುಡುಗರನ್ನು ನೋಡುತ್ತಾ ನನ್ನ ಭುಜ ತಾನಾಗಿ ಬಿಗಿಯಿತು. ಅಲ್ಲಿರಬೇಕಿತ್ತು ಅನ್ನಿಸಿತು. ಹಾಗನ್ನಿಸದಿದ್ದರೆ ಹದಿನೇಳು ವರ್ಷ ಅಲ್ಲಿದ್ದುದಕ್ಕೆ ಅರ್ಥವಿಲ್ಲ. ಬಿಟ್ಟದ್ದು ಸರಿ ಎಂಬ ನನ್ನ ತೀರ್ಮಾನವನ್ನೂ ಅದು ಕದಲಿಸಲಿಲ್ಲ.

ನನಗೆ ತೀರ್ಮಾನಿಸುವ ಅವಕಾಶವಾದರೂ ಇತ್ತು. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರಿಗೆ ನಾಲ್ಕು ವರ್ಷ ಮುಗಿದ ಮೇಲೆ ಉಳಿಯುವ ಅವಕಾಶ ನೂರಕ್ಕೆ ಇಪ್ಪತ್ತೈದು ಮಂದಿಗಷ್ಟೇ. ಉಳಿದವರು ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿ ಹಿಡಿದು ಹೊರಬರುತ್ತಾರೆ, ಪಿಂಚಣಿ ಇಲ್ಲ. ಇನ್ನೂ ಮೀಸೆ ಬಲಿಯುವ ವಯಸ್ಸು. ಅವರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಕೊಡಗು, ಹಾಸನದ ಮಕ್ಕಳಿದ್ದಾರೆ. ಕಾರ್ಖಾನೆ, ವರ್ಕ್‌ಶಾಪು, ಆಸ್ಪತ್ರೆ, ಕಟ್ಟಡದ ಕೆಲಸ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಅವರು ನಿಮ್ಮ ಬಾಗಿಲಿಗೆ ಬಂದಾಗ ಬಂದೂಕಿನ ಲೈಸೆನ್ಸ್ ಕೇಳುವ ಮೊದಲು ಅವರ ಕಾಗದ ಬಿಚ್ಚಿ ಓದಿ. ಏನು ಕೆಲಸ ಬರುತ್ತದಪ್ಪ ಎಂದು ಕೇಳಿ, ಒಂದು ದಿನ ಸೈಟಿಗೆ ಕರೆದೊಯ್ದು ಮಾಡಿಸಿ ನೋಡಿ.