ಕೊಲಿಸಿಯಂ ಬಿಟ್ಟು ಹೊರಟ ಮಧ್ಯಾಹ್ನ



ನಿಮ್ಮ ಕಾಗದ ಕೈಸೇರಿತು. ಓಕ್‌ಲ್ಯಾಂಡ್ ಕೊಲಿಸಿಯಂ ಬಗ್ಗೆ ಹಿಂದೊಮ್ಮೆ ನಾನು ಬರೆದಿದ್ದನ್ನು ಓದಿ ನೇರವಾಗಿ ಕೇಳಿದ್ದೀರಿ: ಡ್ರೆಸ್ಸಿಂಗ್ ರೂಮಿಗೇ ಚರಂಡಿ ನೀರು ನುಗ್ಗಿದ್ದ ಕ್ರೀಡಾಂಗಣ, ಹಿಂದಿನ ವರ್ಷವಷ್ಟೇ 112 ಪಂದ್ಯ ಸೋತಿದ್ದ ತಂಡ. ಇಂಥದ್ದರ ಕೊನೆಯ ಆಟಕ್ಕೆ 46,889 ಜನ ಯಾಕೆ ಬಂದರು? ಬಂದವರು ಯಾಕೆ ಅತ್ತರು? ಬೇಸ್‌ಬಾಲಿನ ಒಳಹೊರಗು ನಿಮಗೆ ಗೊತ್ತಿರಬೇಕಿಲ್ಲ. ಆದರೆ ಒಂದು ಮೈದಾನವನ್ನು ಹಚ್ಚಿಕೊಳ್ಳುವುದು ಎಂದರೇನು ಅನ್ನುವುದು ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಯಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಕೂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಉದ್ದವಾದರೂ ಓದಿ.

ಮೊದಲೇ ಹೇಳಿಬಿಡುತ್ತೇನೆ, ಅದು ಚೆಂದದ ಕಟ್ಟಡ ಅಲ್ಲ. 1966ರಲ್ಲಿ ತೆರೆದದ್ದು. ಅಮೆರಿಕನ್ ಫುಟ್‌ಬಾಲಿಗೂ ಆಗಲಿ, ಬೇಸ್‌ಬಾಲಿಗೂ ಆಗಲಿ ಎಂದು ಗುಂಡಗೆ ಕಟ್ಟಿದ ಕಾಂಕ್ರೀಟು. ಆಟದ ಅಂಗಳವನ್ನು ನೆಲಮಟ್ಟಕ್ಕಿಂತ ಕೆಳಕ್ಕೆ ಅಗೆದು ಮಾಡಿದ್ದರಿಂದ ಹೊರಗಿನಿಂದ ನೋಡಿದರೆ ಒಳಗೆ ಇಷ್ಟು ಜಾಗ ಇದೆ ಅಂತ ಅನ್ನಿಸುವುದೇ ಇಲ್ಲ. ಅಥ್ಲೆಟಿಕ್ಸ್ ತಂಡ ಕ್ಯಾನ್ಸಾಸ್ ಸಿಟಿಯಿಂದ ಇಲ್ಲಿಗೆ ಬಂದದ್ದು 1968ರಲ್ಲಿ. ಅದಕ್ಕೂ ಹಿಂದೆ ಫಿಲಡೆಲ್ಫಿಯಾದಲ್ಲಿತ್ತು. ಊರಿಂದೂರಿಗೆ ಅಲೆದ ತಂಡ ಕೊನೆಗೂ ಇಲ್ಲಿ ಬೇರು ಬಿಟ್ಟಿತು, 57 ಸೀಸನ್ ಆಡಿತು.

ಒಳಗೆ ಹೋದವರಿಗೆ ಮೊದಲು ಕಾಣುತ್ತಿದ್ದದ್ದು ಗೆರೆಯಾಚೆಗಿನ ಬಯಲು. ಬ್ಯಾಟರ್ ಹೊಡೆದ ಚೆಂಡು ಗೆರೆ ದಾಟಿ ಪಕ್ಕಕ್ಕೆ ಹೋದರೆ ಫೌಲ್. ಬೇರೆ ಕ್ರೀಡಾಂಗಣಗಳಲ್ಲಿ ಆ ಚೆಂಡು ಸಾಮಾನ್ಯವಾಗಿ ಪ್ರೇಕ್ಷಕರ ನಡುವೆ ಹೋಗಿ ಬೀಳುತ್ತದೆ, ಬ್ಯಾಟರ್ ಬಚಾವಾಗುತ್ತಾನೆ. ಇಲ್ಲಿ ಗೆರೆಗೂ ಗ್ಯಾಲರಿಗೂ ನಡುವೆ ಇದ್ದಷ್ಟು ಜಾಗ ಮೇಜರ್ ಲೀಗಿನ ಇನ್ನಾವ ಮೈದಾನದಲ್ಲೂ ಇರಲಿಲ್ಲ. ಫೀಲ್ಡರು ಓಡಿ ಹೋಗಿ ಹಿಡಿದರೆ ಔಟ್. ಹಾಗಾಗಿ ಚೆಂಡು ಎಸೆಯುವ ಪಿಚರ್‌ಗಳಿಗೆ ಈ ಮೈದಾನ ಅಚ್ಚುಮೆಚ್ಚು, ಬ್ಯಾಟರುಗಳಿಗೆ ತಲೆನೋವು. ತಂಡ ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ, 1968ರ ಮೇ 8ರಂದು, ಕ್ಯಾಟ್‌ಫಿಶ್ ಹಂಟರ್ ಎಂಬ 22ರ ಹುಡುಗ ಎದುರಾಳಿಯ 27 ಬ್ಯಾಟರುಗಳನ್ನೂ ಒಬ್ಬರೂ ಮೊದಲ ಬೇಸು ಮುಟ್ಟದಂತೆ ಸಾಲಾಗಿ ಔಟ್ ಮಾಡಿದ. ಇದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಬೇಸ್‌ಬಾಲಿನಲ್ಲಿ ಇದಕ್ಕಿಂತ ಅಪರೂಪದ್ದು ಬಹಳ ಇಲ್ಲ.

ಕೊಲಿಸಿಯಂಗೂ ಒಂದು ಕಾಲದಲ್ಲಿ ಚೆಲುವಿತ್ತು ಅಂತ ಹಳಬರು ಹೇಳುತ್ತಾರೆ. ಹೋಮ್ ಪ್ಲೇಟಿನ ಹಿಂದೆ ಕೂತರೆ ಎದುರಿಗೆ ಓಕ್‌ಲ್ಯಾಂಡಿನ ಬೆಟ್ಟಗಳು ಕಾಣುತ್ತಿದ್ದವಂತೆ. 1995ರಲ್ಲಿ ರೈಡರ್ಸ್ ಫುಟ್‌ಬಾಲ್ ತಂಡ ಲಾಸ್ ಏಂಜಲೀಸಿನಿಂದ ವಾಪಸು ಬಂದಾಗ ಅವರಿಗಾಗಿ ಆ ಕಡೆ ಭಾರೀ ಎತ್ತರದ ಗ್ಯಾಲರಿ ಎಬ್ಬಿಸಿದರು. ಬೆಂಗಳೂರಿನಲ್ಲಿ ಎದುರುಮನೆಯವರು ನಾಲ್ಕು ಮಹಡಿ ಏರಿಸಿ ನಮ್ಮ ಕಿಟಕಿಯ ಆಕಾಶವನ್ನೇ ತಿಂದುಬಿಡುತ್ತಾರಲ್ಲ, ಹಾಗಾಯಿತು. ಊರವರು ಅದಕ್ಕೆ ರೈಡರ್ಸ್ ಮಾಲೀಕರ ಹೆಸರು ಸೇರಿಸಿ ಮೌಂಟ್ ಡೇವಿಸ್ ಅಂತ ಕರೆದರು. ಬೆಟ್ಟ ಮರೆಯಾಯಿತು. ಆ ಗ್ಯಾಲರಿಯ ಸಾವಿರಾರು ಕುರ್ಚಿಗಳಿಗೆ ಬೇಸ್‌ಬಾಲ್ ದಿನಗಳಲ್ಲಿ ಟಾರ್ಪಾಲು ಹೊದಿಸುವ ಕಾಲವೂ ಬಂತು. ನಾವೆಲ್ಲ ಕೂರುತ್ತಿದ್ದದ್ದು ಅದರ ಬುಡದ ಬ್ಲೀಚರ್ಸ್‌ನಲ್ಲಿ. ಅಲ್ಲಿ ಕೂತರೆ ಆ ಗೋಡೆ ಬೆನ್ನ ಹಿಂದೆ ಹೋಗುತ್ತದೆ, ಕಣ್ಣೆದುರಿಗೆ ಹಸಿರು ಮಾತ್ರ.

ಇಷ್ಟೆಲ್ಲ ಕುಂದು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಉತ್ತರ ಇದು: ಕೈಯಲ್ಲಿ ನಾಲ್ಕು ಕಾಸಿದ್ದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಇಡೀ ಸಂಜೆ ಕೂರಬಹುದಾಗಿದ್ದ ಜಾಗ ಅದು. ಓಕ್‌ಲ್ಯಾಂಡ್ ಬಂದರಿನ ಊರು, ದುಡಿಯುವವರ ಊರು. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೀರಿನ ಅಂಚಿಗೇ ಚಂದದ ಕ್ರೀಡಾಂಗಣ ಇದೆ, ಅಲ್ಲಿನ ಟಿಕೆಟ್ಟಿನ ದರ ಎಲ್ಲರಿಗೂ ಎಟುಕುವಂಥದ್ದಲ್ಲ. ಇಲ್ಲಿ ಒಂದು ಕಾಲಕ್ಕೆ ಬುಧವಾರದ ಆಟಕ್ಕೆ 2 ಡಾಲರಿನ ಟಿಕೆಟ್ಟಿತ್ತು, 1 ಡಾಲರಿಗೆ ಹಾಟ್‌ಡಾಗ್. ಕಾರೂ ಬೇಕಿರಲಿಲ್ಲ. ನಮ್ಮ ಫ್ರೀಮಾಂಟಿನಿಂದ ಬಾರ್ಟ್ ರೈಲು ಹತ್ತಿದರೆ ಸೀದಾ ಕೊಲಿಸಿಯಂ ಸ್ಟೇಷನ್ನು.

ಸ್ಟೇಷನ್ನಿನಿಂದ ಕ್ರೀಡಾಂಗಣದವರೆಗೆ ಕಾಲುಸೇತುವೆ ಇದೆ, ಎರಡೂ ಕಡೆ ತಂತಿ ಬಲೆ. ಆಟದ ದಿನ ಆ ಸೇತುವೆಯೇ ಒಂದು ಸಂತೆ. ನೀರಿನ ಬಾಟಲಿ, ಶೇಂಗಾ ಪೊಟ್ಟಣ, ಹಸಿರು ಹಳದಿ ಟೀ ಶರ್ಟು. ತಳ್ಳುಗಾಡಿಯ ಕಾವಲಿಯ ಮೇಲೆ ಈರುಳ್ಳಿ, ಮೆಣಸಿನಕಾಯಿ ಚುರುಗುಟ್ಟುವ ಸದ್ದು. ಒಳಗೆ ಹೋದರೆ ಎಲ್ಲದಕ್ಕೂ ಬೆಲೆ ಜಾಸ್ತಿ ಎಂದು ಕೂಗಿ ಹೇಳುವ ಮಾರಾಟಗಾರರು. ಕೊಂಡದ್ದನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ನಡೆಯುವ ಸಂಸಾರಗಳು, ಇಂಗ್ಲಿಷು, ಸ್ಪ್ಯಾನಿಷು, ಚೀನೀ ಮಾತು, ನಡುವೆ ಎಲ್ಲೋ ನಮ್ಮದೂ. ಈ ದೇಶಕ್ಕೆ ಬಂದ ಹೊಸತರಲ್ಲಿ ಅಪರಿಚಿತರ ಜೊತೆ ಭುಜಕ್ಕೆ ಭುಜ ತಾಗಿಸಿ ಕೂತು ಒಟ್ಟಿಗೆ ಕೂಗುವ ಸುಖ ನನಗೆ ಸಿಕ್ಕಿದ್ದು ಅಲ್ಲೇ. ಅದನ್ನು ನಾನು ಯಾವತ್ತೂ ಮರೆಯಲಾರೆ.

ನಿಮಗೆ ಖುಷಿಯಾಗುವ ಒಂದು ಸಂಗತಿ. ಮೆಕ್ಸಿಕನ್ ವೇವ್ ಗೊತ್ತಲ್ಲ? ಚಿನ್ನಸ್ವಾಮಿಯಲ್ಲಿ ಜನ ಸಾಲುಸಾಲಾಗಿ ಎದ್ದು ಕೈ ಎತ್ತಿ ಕೂರುತ್ತಾರಲ್ಲ, ಅದು. 1986ರ ಫುಟ್‌ಬಾಲ್ ವಿಶ್ವಕಪ್ಪಿನಿಂದ ಜಗತ್ತಿಗೆಲ್ಲ ಹಬ್ಬಿದ್ದಕ್ಕೆ ಆ ಹೆಸರು ಬಂತು. ಆದರೆ ಅದಕ್ಕೂ ಐದು ವರ್ಷ ಮೊದಲು, 1981ರ ಅಕ್ಟೋಬರ್ 15ರಂದು, ಇದೇ ಕೊಲಿಸಿಯಂನಲ್ಲಿ ಯಾಂಕೀಸ್ ವಿರುದ್ಧದ ಆಟದ ದಿನ ಅದು ಎದ್ದಿತ್ತು. ಕ್ರೇಜಿ ಜಾರ್ಜ್ ಎಂದೇ ಹೆಸರಾದ ಚಿಯರ್‌ಲೀಡರ್, ಕೈಯಲ್ಲಿ ಪುಟ್ಟ ಡೋಲು, ಒಂದೊಂದು ಬ್ಲಾಕಿನವರನ್ನೂ ಹುರಿದುಂಬಿಸಿ ಅಲೆ ಎಬ್ಬಿಸಿದರು. ಟೀವಿಯಲ್ಲಿ ದಾಖಲಾಗಿರುವ ಮೊದಲ ಅಲೆ ಅಂತ ಇದನ್ನೇ ಎಣಿಸುತ್ತಾರೆ. ಅಲೆ ಯಾರದು ಎಂಬ ಜಗಳ ಬೇರೆ ಊರಿನವರಿಗೂ ಇದೆ. ನಾನಂತೂ ಓಕ್‌ಲ್ಯಾಂಡಿನ ಪರ.

ಟ್ರೋಫಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1972, 73, 74ರಲ್ಲಿ ಸತತ ಮೂರು ಬಾರಿ ವರ್ಲ್ಡ್ ಸೀರೀಸ್, 1989ರಲ್ಲಿ ಮತ್ತೊಮ್ಮೆ. 2002ರಲ್ಲಿ ಕಡಿಮೆ ದುಡ್ಡಿನ ತಂಡ ಸತತ 20 ಪಂದ್ಯ ಗೆದ್ದದ್ದು ನಿಮಗೆ ‘ಮನಿಬಾಲ್’ ಸಿನಿಮಾದಿಂದ ಗೊತ್ತೇ ಇದೆ. ನನಗೆ ಇವೆಲ್ಲಕ್ಕಿಂತ ಹತ್ತಿರದ್ದು 2010ರ ಮೇ 9, ಅಮ್ಮಂದಿರ ದಿನ. ಡಲ್ಲಾಸ್ ಬ್ರೇಡನ್ ಎಂಬ ಪಿಚರ್ ಅಂದು ಇದೇ ಅಂಗಳದಲ್ಲಿ ಪರ್ಫೆಕ್ಟ್ ಗೇಮ್ ಎಸೆದ. ಅವನ ತಾಯಿ ಅವನು ಹೈಸ್ಕೂಲಿನಲ್ಲಿದ್ದಾಗಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಸಾಕಿದ್ದು ಅಜ್ಜಿ. ಆ ಅಜ್ಜಿ ಅಂದು ಗ್ಯಾಲರಿಯಲ್ಲಿದ್ದರು. ಆಟ ಮುಗಿದ ಕೂಡಲೇ ಮೈದಾನಕ್ಕಿಳಿದು ಮೊಮ್ಮಗನನ್ನು ತಬ್ಬಿಕೊಂಡ ಆ ದೃಶ್ಯ ಈಗ ನೋಡಿದರೂ ಕಣ್ಣು ತುಂಬುತ್ತದೆ.

ಇನ್ನು ರಿಕಿ ಹೆಂಡರ್ಸನ್. ಈ ಮೈದಾನಕ್ಕೆ ಒಬ್ಬ ಮನೆಮಗ ಇದ್ದರೆ ಅದು ಅವರೇ. ಓಕ್‌ಲ್ಯಾಂಡಿನ ಬೀದಿಯಲ್ಲೇ ಬೆಳೆದವರು. ಬೇಸ್ ಕದಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಾಗೆಂದರೆ ಏನು ಎಂದು ನೀವು ಕೇಳಬಹುದು. ಮೊದಲ ಬೇಸಿನಲ್ಲಿ ನಿಂತ ಓಟಗಾರ, ಪಿಚರ್ ಬ್ಯಾಟರ್‌ಗೆ ಚೆಂಡು ಎಸೆಯುವ ಗಳಿಗೆ ನೋಡಿ ಎರಡನೇ ಬೇಸಿಗೆ ಓಡಿಬಿಡುವುದು. ಬೇಸು ಮುಟ್ಟುವ ಮೊದಲೇ ಫೀಲ್ಡರು ಚೆಂಡು ಹಿಡಿದು ಅವನಿಗೆ ತಾಗಿಸಿದರೆ ಅವನು ಔಟ್. ರಿಕಿ ಬೇಸು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ಮೊಣಕಾಲು ಬಾಗಿಸಿ ನಿಲ್ಲುತ್ತಿದ್ದರು. ಬೆರಳುಗಳು ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದ್ದವು, ಕಣ್ಣು ಮಾತ್ರ ಪಿಚರ್‌ನ ಮೇಲೆ. ಅವನ ಹಿಮ್ಮಡಿ ಅಲುಗಿತೋ, ಇವರು ಓಡಿದರು. ಕೊನೆಯ ಗಜಗಳಲ್ಲಿ ನೆಲಕ್ಕೆ ಸಮಾನವಾಗಿ ಹಾರಿ, ಎದೆಯ ಮೇಲೆ ಜಾರಿ ಹೋಗಿ ಕೈಯಿಂದ ಬೇಸು ಮುಟ್ಟುತ್ತಿದ್ದರು. 1982ರಲ್ಲಿ ಒಂದೇ ಸೀಸನ್ನಿಗೆ 130. 1991ರ ಮೇ 1ರಂದು ಇಲ್ಲೇ ಮೂರನೇ ಬೇಸನ್ನು ಕದ್ದಾಗ ಅದು 939ನೆಯದು, ಲೂ ಬ್ರಾಕ್ ಅವರ ದಾಖಲೆ ಮುರಿಯಿತು. ಆ ಬೇಸನ್ನೇ ನೆಲದಿಂದ ಕಿತ್ತು ತಲೆಯ ಮೇಲೆತ್ತಿ ಹಿಡಿದರು. ವೃತ್ತಿ ಮುಗಿದಾಗ ಒಟ್ಟು 1,406. ಇವತ್ತಿಗೂ ಅದರ ಹತ್ತಿರಕ್ಕೆ ಯಾರೂ ಬಂದಿಲ್ಲ. 2017ರಲ್ಲಿ ಅಂಗಳಕ್ಕೆ ಅವರದೇ ಹೆಸರಿಟ್ಟರು.

ತಂಡ ಹೊರಟದ್ದು ಹೇಗೆ ಎಂಬುದನ್ನು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ. ಹೊಸ ಕ್ರೀಡಾಂಗಣ ಬೇಕೆಂಬ ಮಾತು ವರ್ಷಗಟ್ಟಲೆ ನಡೆಯಿತು. ನಡುವೆ ನಮ್ಮ ಫ್ರೀಮಾಂಟಿಗೇ ಬರುತ್ತೇವೆ ಎಂದರು, 2009ರಲ್ಲಿ ಅದು ಬಿದ್ದುಹೋಯಿತು. ಆಮೇಲೆ ಓಕ್‌ಲ್ಯಾಂಡಿನ ಬಂದರಿನ ಅಂಚಿನಲ್ಲಿ ಎಂದರು. ಕೊನೆಗೆ 2023ರಲ್ಲಿ ಲಾಸ್ ವೇಗಸ್ ಎಂದರು. ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡ 2019ರಲ್ಲೇ ಕೊಲ್ಲಿ ದಾಟಿ ಹೋಗಿತ್ತು, 2020ರಲ್ಲಿ ರೈಡರ್ಸ್ ವೇಗಸ್ಸಿಗೆ ಹೋಗಿತ್ತು. ಊರಿಗೆ ಉಳಿದಿದ್ದದ್ದು ಇದೊಂದೇ. ಜನ ಬರುತ್ತಿಲ್ಲ, ಅದಕ್ಕೇ ಹೋಗುತ್ತಿದ್ದಾರೆ ಎಂಬ ಮಾತು ಕೇಳಿದಾಗ ಅಭಿಮಾನಿಗಳು ತಾವೇ ಸೇರಿ ಒಂದು ದಿನ ಗೊತ್ತು ಮಾಡಿದರು, 2023ರ ಜೂನ್ 13, ಮಂಗಳವಾರ. ಬಹಿಷ್ಕಾರಕ್ಕೆ ತದ್ವಿರುದ್ಧವಾದ ಪ್ರತಿಭಟನೆ ಅದು, ಎಲ್ಲರೂ ಬರುವ ಪ್ರತಿಭಟನೆ. 27,759 ಜನ ಬಂದರು. ಹಸಿರು ಅಂಗಿ ತೊಟ್ಟು, ಡೋಲು ಬಡಿದು, ತಂಡವನ್ನು ಮಾರಿಬಿಡಿ ಎಂದು ಮಾಲೀಕರಿಗೆ ಕೇಳುವಂತೆ ಕೂಗಿದರು. ಲೀಗಿನಲ್ಲೇ ಕೊನೆಯಲ್ಲಿದ್ದ ತಂಡ ಅಂದು ಟ್ಯಾಂಪಾ ಬೇಯನ್ನು 2–1ರಿಂದ ಸೋಲಿಸಿತು. ಅದೇ ದಿನ ನೆವಾಡಾದ ಸೆನೆಟ್ಟು ವೇಗಸ್ ಕ್ರೀಡಾಂಗಣಕ್ಕೆ ಸರ್ಕಾರಿ ಹಣ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬಡಿದ ಡೋಲು ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ. ಈ ಊರು ತನ್ನ ತಂಡವನ್ನು ಕೈಬಿಟ್ಟಿತು ಎಂದು ಆಮೇಲೆ ಯಾರೂ ನಂಬುವಂತೆ ಹೇಳಲಾಗಲಿಲ್ಲ.

ಕೊನೆಯ ಆಟ 2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. ಎದುರಾಳಿ ಟೆಕ್ಸಸ್ ರೇಂಜರ್ಸ್. ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೂವರ್ಟ್, ಇಬ್ಬರೂ ಓಕ್‌ಲ್ಯಾಂಡಿನ ಹುಡುಗರೇ, ಆಟಕ್ಕೆ ಮುನ್ನ ಗೌರವದ ಚೆಂಡು ಎಸೆದರು. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯರು ತೊಡೆಯ ಮೇಲೆ ಸ್ಕೋರ್‌ಬುಕ್ಕು ಇಟ್ಟುಕೊಂಡು ಪ್ರತಿ ಔಟನ್ನೂ ಸೀಸದಕಡ್ಡಿಯಲ್ಲಿ ಬರೆದುಕೊಳ್ಳುತ್ತಿದ್ದರು. ಬೇಸ್‌ಬಾಲಿನಲ್ಲಿ ಅಂಗಳದ ಪ್ರತಿ ಸ್ಥಾನಕ್ಕೂ ಒಂದು ಅಂಕಿ ಇರುತ್ತದೆ, ಯಾರಿಂದ ಯಾರಿಗೆ ಚೆಂಡು ಹೋಯಿತೆಂದು ಅಂಕಿಯಲ್ಲೇ ಬರೆಯುತ್ತಾರೆ. ಒಂಬತ್ತನೇ ಇನ್ನಿಂಗ್ಸಿನಲ್ಲಿ ನಮ್ಮವರು 3–2ರಿಂದ ಮುಂದಿದ್ದರು. ಎಲ್ಲರೂ ಎದ್ದು ನಿಂತಿದ್ದೆವು. ಚೆಂಡು ಮೂರನೇ ಬೇಸಿನ ಕಡೆ ನೆಲದ ಮೇಲೆ ಪುಟಿದು ಬಂತು, ಅಲ್ಲಿದ್ದವನು ಹೆಕ್ಕಿ ಮೊದಲ ಬೇಸಿಗೆ ಎಸೆದ. ಔಟ್. ಸುತ್ತ ಕೂಗೋ ಕೂಗು. ಆ ಹಿರಿಯರು ಕೂತುಕೊಂಡು 5–3 ಎಂದು ಬರೆದರು, ಕೆಳಗೆ ದಿನಾಂಕ ಹಾಕಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಹೆಗಲ ಮೇಲೆ ಕೈ ಇಟ್ಟೆ. ಮಾತು ಇಬ್ಬರಿಗೂ ಬರಲಿಲ್ಲ.

ಯಾರೂ ಮನೆಗೆ ಹೊರಡಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕು ಹಿಡಿದು ಜನರಿಗೆ ಕೃತಜ್ಞತೆ ಹೇಳಿ, ಕೊನೆಯ ಬಾರಿಗೆ ಎಲ್ಲರೂ ಕೂಗೋಣ ಎಂದರು. ‘ಲೆಟ್ಸ್ ಗೋ, ಓಕ್‌ಲ್ಯಾಂಡ್’ ಎಂದು ಇಡೀ ಕ್ರೀಡಾಂಗಣ ಕೂಗಿತು. ಮೈದಾನ ನೋಡಿಕೊಳ್ಳುವವರು ಅಂಚಿನ ಕೆಮ್ಮಣ್ಣನ್ನು ಜನರಿಗೆ ಹಂಚುತ್ತಿದ್ದರು. ಪೇಪರ್ ಕಪ್ಪು, ಪ್ಲಾಸ್ಟಿಕ್ ಚೀಲ, ಕೈಗೆ ಸಿಕ್ಕಿದ್ದರಲ್ಲಿ ಹಿಡಿದುಕೊಂಡರು. ಊರು ಬಿಡುವಾಗ ತವರಿನ ಮಣ್ಣು ಸೆರಗಿಗೆ ಕಟ್ಟಿಕೊಂಡವರ ಕಥೆಗಳನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದೇವೆ. ಇಲ್ಲಿ ಜನ ಊರಲ್ಲೇ ಇದ್ದರು, ತಂಡ ಹೊರಟಿತ್ತು.

ಮೂರು ತಿಂಗಳೂ ಕಳೆಯಲಿಲ್ಲ, ಡಿಸೆಂಬರ್ 20ಕ್ಕೆ ರಿಕಿ ಹೋಗಿಬಿಟ್ಟರು, 65 ವರ್ಷ. ತಂಡ ಈಗ ಸ್ಯಾಕ್ರಮೆಂಟೊದ ಚಿಕ್ಕ ಮೈದಾನದಲ್ಲಿ ಆಡುತ್ತದೆ, ವೇಗಸ್ಸಿನ ಕಟ್ಟಡ ಮುಗಿಯುವ ತನಕ. ಹೆಸರಿನ ಮುಂದೆ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ಅಂಕಪಟ್ಟಿಯಲ್ಲಿ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಕೊಲಿಸಿಯಂ ಇನ್ನೂ ಅಲ್ಲೇ ಇದೆ. 2025ರ ಜೂನ್‌ನಲ್ಲಿ ಅಲ್ಲಿ ಏನು ನಡೆಯಿತು ಗೊತ್ತೇ? ಕ್ರಿಕೆಟ್! ಮೇಜರ್ ಲೀಗ್ ಕ್ರಿಕೆಟ್ಟಿನ ಆ ವರ್ಷದ ಮೊದಲ ಪಂದ್ಯ, ಸ್ಯಾನ್ ಫ್ರಾನ್ಸಿಸ್ಕೋ ಯೂನಿಕಾರ್ನ್ಸ್ ತಂಡದ್ದು. ಫಿನ್ ಆಲನ್ 51 ಎಸೆತಗಳಲ್ಲಿ 151 ಹೊಡೆದರು, 19 ಸಿಕ್ಸರ್. ಟಿ20 ಇನ್ನಿಂಗ್ಸ್ ಒಂದರಲ್ಲಿ ಒಬ್ಬರೇ ಹೊಡೆದ ಸಿಕ್ಸರುಗಳಲ್ಲಿ ಅದು ವಿಶ್ವದಾಖಲೆ. ರಿಕಿ ಓಡಿದ ನೆಲದಲ್ಲಿ ನಮ್ಮ ಆಟ ನೋಡಿ ಸಂತೋಷಪಡಲೋ ಬೇಡವೋ ಎಂಬ ಗೊಂದಲ ನನಗಿತ್ತು, ನಿಜ. ಆದರೆ ಅದೇ ಸೇತುವೆ ಮೇಲೆ ಸಂಸಾರಗಳು ಮಕ್ಕಳ ಕೈ ಹಿಡಿದು ಬರುವುದನ್ನು ನೋಡಿದ ಮೇಲೆ ಸಂತೋಷವೇ ಗೆದ್ದಿತು. ಆ ಜಾಗ ಮಾರಿ ಹೊಸದಾಗಿ ಕಟ್ಟುವ ಮಾತುಕತೆ ನಡೆಯುತ್ತಲೇ ಇದೆ. ಅದು ಇರುವಷ್ಟು ದಿನ ಅಲ್ಲಿ ಜನ ಸೇರುತ್ತಿರಲಿ.

ನೀವು ಮಗಳ ಮನೆಗೆ ಬೇಸಿಗೆಯಲ್ಲಿ ಬರುತ್ತೇನೆ ಎಂದಿದ್ದೀರಿ. ಬಂದರೆ ಒಂದು ದಿನ ನನಗಾಗಿ ಇಟ್ಟುಕೊಳ್ಳಿ. ಫ್ರೀಮಾಂಟಿನಿಂದ ರೈಲಿನಲ್ಲೇ ಹೋಗೋಣ, ಆ ಸೇತುವೆ ಮೇಲೆ ನಡೆಯೋಣ. ಜೂನಾದರೂ ಸಂಜೆಯಾದರೆ ಕೊಲ್ಲಿಯ ಕಡೆಯಿಂದ ಗಾಳಿ ತಣ್ಣಗೆ ಬೀಸುತ್ತದೆ, ಸ್ವೆಟರ್ ಮರೆಯಬೇಡಿ. ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಫ್ರೀಮಾಂಟಿನ ಗೆಳೆಯ